ಚಾವಡಿಯೇರಿದ ಮಹಿಳೆ

ಹಳೆಯ ಊರುಗಳಲ್ಲಿ ಚಾವಡಿಯೆಂಬ ಕಟ್ಟಡವೊಂದು ಇರುತ್ತಿದ್ದಿತು. ಊರಿನ ನಡುವೆ, ಹೆಚ್ಚಾಗಿ ದೇವಸ್ಥಾನದ ಎದುರಿಗೋ ಅರಳಿಕಟ್ಟೆಯ ಬದಿಗೋ ಅದರ ಸ್ಥಾನ. ಪಟೇಲರೂ ಶಾನುಭೋಗರೂ ಅಲ್ಲಿ ಕುಳಿತು ಕಂದಾಯ ವಸೂಲು ಮಾಡುತ್ತಿದ್ದರು. ಹಿರಿಯರೆನಿಸಿಕೊಂಡವರು ಅಲ್ಲಿ ಸೇರಿ ವ್ಯಾಜ್ಯಗಳನ್ನು ತೀರ್ಮಾನಿಸುತ್ತಿದ್ದರು. ಜಗಲಿಯ ಮೇಲೆ ಯಾರು ಕೂರಬೇಕು, ಕೆಳಗೆ ಯಾರು ನಿಲ್ಲಬೇಕು, ದೂರದಲ್ಲಿ ಕೈಕಟ್ಟಿಕೊಂಡು ಯಾರು ಕಾಯಬೇಕು ಎಂಬುದನ್ನು ಯಾರೂ ಬರೆದಿಟ್ಟಿರಲಿಲ್ಲ. ಆದರೆ ಅದು ಎಲ್ಲರಿಗೂ ತಿಳಿದಿದ್ದಿತು. ಹೆಂಗಸರು ಆ ದಾರಿಯಲ್ಲಿ ಹಾದುಹೋಗಬೇಕಾದಾಗ ಸೆರಗನ್ನು ಬಿಗಿಯಾಗಿ ಹೊದ್ದು, ತಲೆ ತಗ್ಗಿಸಿ, ಬೇಗಬೇಗನೆ ನಡೆದುಬಿಡುತ್ತಿದ್ದರು. ಊರಬಾವಿಯಲ್ಲಿ ಹೂಳು ತುಂಬಿದೆ, ಅದನ್ನು ತೆಗೆಸಬೇಕು ಎಂಬ ಮಾತು ಚಾವಡಿಯಲ್ಲಿ ನಡೆಯುತ್ತಿರುವಾಗಲೇ, ಅದೇ ಬಾವಿಯಿಂದ ಕೊಡ ಹೊತ್ತು ತರುತ್ತಿದ್ದವಳು ಅದರ ಮುಂದೆ ಮಾತಿಲ್ಲದೆ ಸಾಗುತ್ತಿದ್ದಳು. ನೀರು ಎಷ್ಟು ಮೊಳ ಕೆಳಗೆ ಇಳಿದಿದೆಯೆಂಬುದು ಅವಳ ಕೈಯ ಹಗ್ಗಕ್ಕೆ ಗೊತ್ತಿದ್ದಿತು. ಆದರೆ ಅವಳನ್ನು ಕೇಳುವ ಪದ್ಧತಿ ಇರಲಿಲ್ಲ.

ನಮ್ಮ ನಾಡನ್ನು ಹೆಣ್ಣು ಆಳಿದುದೇ ಇಲ್ಲವೆಂದು ಇದರ ಅರ್ಥವಲ್ಲ. ಉಳ್ಳಾಲದ ಅಬ್ಬಕ್ಕ, ಕೆಳದಿಯ ಚೆನ್ನಮ್ಮಾಜಿ, ಕಿತ್ತೂರಿನ ಚೆನ್ನಮ್ಮ ಇವರ ಹೆಸರುಗಳನ್ನು ಅರಿಯದ ಕನ್ನಡಿಗರಿಲ್ಲ. ಆದರೆ ಇವರು ರಾಜಮನೆತನಗಳಿಗೆ ಸೇರಿದವರು; ವಂಶವೂ ವಿಪತ್ತೂ ಕೂಡಿ ಅವರನ್ನು ಪಟ್ಟಕ್ಕೆ ತಂದುವು. ವಿಚಿತ್ರವೆಂದರೆ, ಸಿಂಹಾಸನದವರೆಗೆ ಹೋಗಲು ಹೆಣ್ಣಿಗೆ ಯಾವುದೋ ಒಂದು ದಾರಿಯಿದ್ದಿತು. ತನ್ನ ಊರಿನ ಚಾವಡಿಯ ಮೂರು ಮೆಟ್ಟಿಲು ಹತ್ತಲು ಮಾತ್ರ ಇರಲಿಲ್ಲ. ಆ ಮೆಟ್ಟಿಲುಗಳನ್ನು ಅವಳು ಹತ್ತಿದುದು ತೀರ ಇತ್ತೀಚೆಗೆ, ಸ್ವಾತಂತ್ರ್ಯ ಬಂದು ನಾಲ್ಕು ದಶಕಗಳು ಕಳೆದ ಮೇಲೆ. ಅದು ತಾನಾಗಿಯೇ ಆದ ಬದಲಾವಣೆಯೂ ಅಲ್ಲ.

ಈ ಕಥೆ ಅಧಿಕಾರ ವಿಕೇಂದ್ರೀಕರಣದ ಕಥೆಯೊಂದಿಗೆ ಹೆಣೆದುಕೊಂಡಿದೆ. ವಿಕೇಂದ್ರೀಕರಣವೆಂಬ ಪದವು ಕಿವಿಗೆ ಭಾರವಾಗಿದ್ದರೂ ಅದರ ಅರ್ಥ ಸರಳವಾದುದು. ಊರಿನ ಕೈಪಂಪು ಕೆಟ್ಟಿದೆಯೆಂದು ಭಾವಿಸೋಣ. ಅದರ ದುರಸ್ತಿಗೆ ಬೆಂಗಳೂರಿನಿಂದ ಅಪ್ಪಣೆ ಬರಬೇಕಾದರೆ ಅರ್ಜಿಯು ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಪ್ರಯಾಣ ಮಾಡುತ್ತಿರುತ್ತದೆ. ಅಷ್ಟರಲ್ಲಿ ಬೇಸಿಗೆ ಕಳೆದು ಮಳೆಗಾಲ ಬಂದಿರುತ್ತದೆ. ಆ ಊರಿನವರೇ ಆರಿಸಿದ ಸಭೆಗೆ ದುರಸ್ತಿ ಮಾಡಿಸುವ ಅಧಿಕಾರವೂ, ಅದಕ್ಕೆ ಬೇಕಾದ ಹಣವೂ, ಕೆಲಸಗಾರನನ್ನು ಕರೆಸಿ ಲೆಕ್ಕ ಕೇಳುವ ಹಕ್ಕೂ ಇದ್ದರೆ ಎರಡು ದಿನಗಳಲ್ಲಿ ಪಂಪು ನೀರು ಕೊಡುತ್ತದೆ. ಕೆಲಸವನ್ನು ಮಾತ್ರ ಹಳ್ಳಿಗೆ ವಹಿಸಿ ಹಣವನ್ನು ರಾಜಧಾನಿಯಲ್ಲಿಯೇ ಉಳಿಸಿಕೊಂಡರೆ ಅದು ವಿಕೇಂದ್ರೀಕರಣವಾಗದು. ತನ್ನ ಹೊರೆಯನ್ನು ಇನ್ನೊಬ್ಬನ ತಲೆಯ ಮೇಲೆ ಇಳಿಸಿದಂತಾಗುತ್ತದೆ.

ಗಾಂಧೀಜಿಯವರು ಸ್ವತಂತ್ರ ಭಾರತವು ಗ್ರಾಮಗಳ ತಳಹದಿಯ ಮೇಲೆ ನಿಲ್ಲಬೇಕೆಂದು ಬಯಸಿದ್ದರು. ಆದರೆ ಡಾಕ್ಟರ್ ಅಂಬೇಡ್ಕರ್ ಅವರಿಗೆ ಹಳ್ಳಿಯ ಮೇಲೆ ಆ ಭರವಸೆ ಇರಲಿಲ್ಲ. 1948ರ ನವೆಂಬರ್ 4ರಂದು ಸಂವಿಧಾನ ರಚನಾ ಸಭೆಯಲ್ಲಿ ಮಾತನಾಡುತ್ತ ಅವರು ಹಳ್ಳಿಯನ್ನು ಕಟುವಾಗಿ ಟೀಕಿಸಿದರು. ಜಾತಿಯ ಕಟ್ಟುಗಳಿಂದಲೂ ಸಂಕುಚಿತ ಮನೋಭಾವದಿಂದಲೂ ತುಂಬಿದ ಹಳ್ಳಿಯ ಕೈಗೆ ಅಧಿಕಾರ ಕೊಟ್ಟರೆ ದುರ್ಬಲರ ಗತಿಯೇನೆಂಬುದು ಅವರ ಚಿಂತೆ. ಕೊನೆಗೆ ಗ್ರಾಮ ಪಂಚಾಯಿತಿಗಳ ವಿಷಯವು ರಾಜ್ಯನೀತಿಯ ನಿರ್ದೇಶಕ ತತ್ತ್ವಗಳಲ್ಲಿ 40ನೆಯ ಅನುಚ್ಛೇದವಾಗಿ ಸೇರಿತು. ಇಬ್ಬರು ಮಹನೀಯರಲ್ಲಿ ಯಾರದು ಸರಿ ಎಂದು ಚರ್ಚಾಸ್ಪರ್ಧೆಗಳಲ್ಲಿ ಕೇಳುವುದುಂಟು. ಇಬ್ಬರೂ ಒಂದೇ ಹಳ್ಳಿಯ ಎರಡು ಮುಖಗಳನ್ನು ಕಂಡವರೆಂದು ಹೇಳುವುದು ಹೆಚ್ಚು ಸರಿ. ಅಧಿಕಾರವು ದಿಲ್ಲಿಯಿಂದಲೂ ಬೆಂಗಳೂರಿನಿಂದಲೂ ಇಳಿದು ಹಳ್ಳಿಗೆ ಬರಬೇಕು, ನಿಜ. ಆದರೆ ಬಂದ ಅಧಿಕಾರವು ಚಾವಡಿಯ ಜಗಲಿಯ ಮೇಲೆಯೇ ನಿಂತುಬಿಟ್ಟರೆ, ಕೊಡ ಹೊತ್ತವಳ ಪಾಲಿಗೆ ದಿಲ್ಲಿಯೂ ಚಾವಡಿಯೂ ಒಂದೇ ದೂರ.

ಮೊದಲ ಮೂರು ದಶಕಗಳಲ್ಲಿ ಆದುದು ಬಹುಮಟ್ಟಿಗೆ ಇದೇ. ಬಲವಂತರಾಯ್ ಮೆಹತಾ ಸಮಿತಿಯು 1957ರಲ್ಲಿ ಮೂರು ಹಂತಗಳ ಪಂಚಾಯತ್ ರಾಜ್ಯ ವ್ಯವಸ್ಥೆಯನ್ನು ಸೂಚಿಸಿತು. 1959ರ ಅಕ್ಟೋಬರ್ 2ರಂದು ರಾಜಸ್ಥಾನದ ನಾಗೌರಿನಲ್ಲಿ ಪ್ರಧಾನಿ ನೆಹರೂ ಅವರು ಅದನ್ನು ಉದ್ಘಾಟಿಸಿದರು. ಆ ಸಮಿತಿಯು ಮಹಿಳೆಯರನ್ನು ಮರೆತಿರಲಿಲ್ಲ. ಮಹಿಳೆಯರ ಮತ್ತು ಮಕ್ಕಳ ಏಳಿಗೆಯಲ್ಲಿ ಆಸಕ್ತಿಯುಳ್ಳ ಇಬ್ಬರು ಮಹಿಳೆಯರನ್ನು ಸದಸ್ಯರು ತಾವಾಗಿ ಸೇರಿಸಿಕೊಳ್ಳಬೇಕೆಂದು ಅದು ಹೇಳಿತು. ಸೇರಿಸಿಕೊಳ್ಳುವವರು ಗಂಡಸರು, ಸೇರಿಸಿಕೊಳ್ಳಲ್ಪಡುವವರು ಹೆಂಗಸರು. ಹೀಗೆ ಬಂದ ಸದಸ್ಯೆಯು ಯಾರಿಗೆ ಋಣಿ? ಮತ ಹಾಕಿದ ಊರಿಗಲ್ಲ, ತನಗೆ ಕುರ್ಚಿ ನೀಡಿದ ಪ್ರಮುಖರಿಗೆ. ಭಾರತದ ಮಹಿಳೆಯರ ಸ್ಥಾನಮಾನವನ್ನು ಪರಿಶೀಲಿಸಿದ ಸಮಿತಿಯೊಂದು 1974ರಲ್ಲಿ ಈ ಬಗೆಯ ನಾಮಮಾತ್ರದ ಪ್ರಾತಿನಿಧ್ಯದಿಂದ ತೃಪ್ತಿಗೊಳ್ಳದೆ, ಹಳ್ಳಿಗಳಲ್ಲಿ ಮಹಿಳೆಯರದೇ ಆದ ಪಂಚಾಯಿತಿಗಳನ್ನು ಶಾಸನದ ಮೂಲಕ ಸ್ಥಾಪಿಸಬೇಕೆಂದು ಶಿಫಾರಸು ಮಾಡಿತು. ಅಶೋಕ ಮೆಹತಾ ಸಮಿತಿಯ ವರದಿಯು 1978ರಲ್ಲಿ ಬಂದಿತು. ಹಲವು ಹಳ್ಳಿಗಳನ್ನು ಕೂಡಿಸಿದ ಮಂಡಲ ಪಂಚಾಯಿತಿಯ ಕಲ್ಪನೆಯು ಆ ವರದಿಯದು.

ಆ ಕಲ್ಪನೆಯನ್ನು ಹಿಡಿದು ನೆಲಕ್ಕಿಳಿಸಿದ ರಾಜ್ಯಗಳಲ್ಲಿ ಕರ್ನಾಟಕವು ಮುಂದಿನ ಸಾಲಿನಲ್ಲಿ ನಿಲ್ಲುತ್ತದೆ. ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿಗಳಾಗಿದ್ದಾಗ, 1983ರಲ್ಲಿ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿಗಳ ಮಸೂದೆಯನ್ನು ಶಾಸನಸಭೆಯ ಮುಂದೆ ತಂದವರು ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್. ಅವರು ಗುಂಡ್ಲುಪೇಟೆಯವರು. ಬರಪೀಡಿತ ಹಳ್ಳಿಗಳಲ್ಲಿ ಕೊಳವೆಬಾವಿಗಳನ್ನು ತೋಡಿಸಿ ಕುಡಿಯುವ ನೀರನ್ನು ಒದಗಿಸಲು ಅವರು ಪಟ್ಟ ಶ್ರಮವನ್ನು ಕಂಡ ಜನ ಅವರನ್ನು ಪ್ರೀತಿಯಿಂದ ‘ನೀರ್ ಸಾಬ್’ ಎಂದೇ ಕರೆದರು. ಬಾವಿ ತೋಡಿಸಿದರೆ ಸಾಲದು, ಆ ಬಾವಿಯನ್ನು ನೋಡಿಕೊಳ್ಳುವ ಅಧಿಕಾರವೂ ಊರಿನದೇ ಆಗಬೇಕು ಎಂಬ ತಿಳಿವು ಅವರಿಗಿದ್ದಿತು. ಮಸೂದೆಗೆ ರಾಷ್ಟ್ರಪತಿಗಳ ಅಂಕಿತ ದೊರೆಯುವ ವೇಳೆಗೆ 1985 ಬಂದಿತ್ತು. 1987ರ ಜನವರಿಯಲ್ಲಿ ಚುನಾವಣೆಗಳು ನಡೆದುವು. ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನ; ಅವರ ಕೈಕೆಳಗಿನ ಮುಖ್ಯ ಕಾರ್ಯದರ್ಶಿಯು ಜಿಲ್ಲಾಧಿಕಾರಿಗಿಂತ ಹಿರಿಯ ಅಧಿಕಾರಿ. ಕಚೇರಿಗಳ ಒಳಹೊರಗನ್ನು ಬಲ್ಲವರಿಗೆ ಇದು ಎಂಥ ಬದಲಾವಣೆಯೆಂಬುದನ್ನು ವಿವರಿಸಬೇಕಾಗಿಲ್ಲ.

ಆ ಕಾಯಿದೆಯಲ್ಲಿದ್ದ ಇನ್ನೊಂದು ಅಂಶವು ನಮ್ಮ ವಿಷಯಕ್ಕೆ ಹೆಚ್ಚು ಮುಖ್ಯವಾದುದು. ನಾಲ್ಕನೆಯ ಒಂದು ಪಾಲು ಸ್ಥಾನಗಳನ್ನು ಮಹಿಳೆಯರಿಗಾಗಿ ಮೀಸಲಿರಿಸಲಾಯಿತು. ಈ ಬಾರಿ ಯಾರೂ ಯಾರನ್ನೂ ಸೇರಿಸಿಕೊಳ್ಳುವ ಮಾತಿರಲಿಲ್ಲ. ಮಹಿಳೆಯರು ಚುನಾವಣೆಗೆ ನಿಂತು ಗೆದ್ದು ಬರಬೇಕು. ಅಷ್ಟೊಂದು ಹೆಂಗಸರನ್ನು ಎಲ್ಲಿಂದ ತರುವುದು, ಮನೆಯ ಹೊಸ್ತಿಲು ದಾಟದವರು ಸಭೆಯಲ್ಲಿ ಏನು ಮಾತನಾಡಿಯಾರು ಎಂದು ಮೂಗು ಮುರಿದವರು ಕಡಮೆ ಇರಲಿಲ್ಲ. ಸುಮಾರು ಎರಡೂವರೆ ಸಾವಿರ ಮಂಡಲ ಪಂಚಾಯಿತಿಗಳಿಗೆ ಸುಮಾರು 14 ಸಾವಿರ ಮಹಿಳೆಯರು ಆರಿಸಿ ಬಂದರು. ಒಂದೇ ಚುನಾವಣೆಯಲ್ಲಿ ಅಷ್ಟು ಮಂದಿ! ಕೂಲಿಯ ಹೆಣ್ಣುಮಕ್ಕಳು, ಬೇಸಾಯಗಾರರ ಮನೆಯವರು, ಹೆಬ್ಬೆಟ್ಟು ಒತ್ತುವವರು, ಶಾಲೆ ಕಲಿತವರು ಎಲ್ಲರೂ ಅವರಲ್ಲಿದ್ದರು. ನಜೀರ್ ಸಾಬ್ ಅವರು 1988ರ ಅಕ್ಟೋಬರಿನಲ್ಲಿ ತೀರಿಕೊಂಡರು. ತಾವು ನೆಟ್ಟ ಗಿಡದ ಮೊದಲ ಎಲೆಗಳನ್ನಷ್ಟೇ ಅವರು ಕಂಡರು.

ಆ ಗಿಡಕ್ಕೆ ಬೇಗನೆ ಬಾಧೆಯೂ ಬಂದಿತು. 1992ರಲ್ಲಿ ಆ ಸಂಸ್ಥೆಗಳ ಅವಧಿ ಮುಗಿದಾಗ ಕೂಡಲೇ ಚುನಾವಣೆ ನಡೆಯಲಿಲ್ಲ. ಚುನಾಯಿತರ ಸ್ಥಾನದಲ್ಲಿ ಆಡಳಿತಾಧಿಕಾರಿಗಳು ಬಂದು ಕುಳಿತರು. ರಾಜ್ಯದ ಕಾಯಿದೆಯಿಂದ ಹುಟ್ಟಿದ ಪಂಚಾಯಿತಿಯನ್ನು ರಾಜ್ಯವೇ ಮಲಗಿಸಿಬಿಡಬಹುದೆಂಬುದು ಇದರಿಂದ ಸ್ಪಷ್ಟವಾಯಿತು. ಸಂವಿಧಾನದ ರಕ್ಷೆ ಬೇಕೆಂಬ ವಾದ ಮೊದಲಿನಿಂದಲೂ ಇದ್ದಿತು. ಅದಕ್ಕಾಗಿ 1989ರಲ್ಲಿ ರಾಜೀವ್ ಗಾಂಧಿಯವರ ಸರಕಾರವು ತಂದ ಮಸೂದೆಯು ರಾಜ್ಯಸಭೆಯಲ್ಲಿ ಬಿದ್ದುಹೋಗಿದ್ದಿತು. ಕೊನೆಗೆ 73ನೆಯ ತಿದ್ದುಪಡಿಯು 1992ರ ಡಿಸೆಂಬರಿನಲ್ಲಿ ಸಂಸತ್ತಿನ ಒಪ್ಪಿಗೆ ಪಡೆದು 1993ರ ಏಪ್ರಿಲ್ 24ರಂದು ಜಾರಿಗೆ ಬಂದಿತು. ಐದು ವರ್ಷಗಳಿಗೊಮ್ಮೆ ಚುನಾವಣೆ ನಡೆಯಬೇಕು. ಅದನ್ನು ನಡೆಸಲು ಸ್ವತಂತ್ರವಾದ ರಾಜ್ಯ ಚುನಾವಣಾ ಆಯೋಗವಿರಬೇಕು. ಮೂರನೆಯ ಒಂದಕ್ಕೆ ಕಡಮೆಯಿಲ್ಲದಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲಾಗಿರಬೇಕು, ಸದಸ್ಯ ಸ್ಥಾನಗಳು ಮಾತ್ರವಲ್ಲ, ಅಧ್ಯಕ್ಷ ಪದವಿಗಳೂ ಕೂಡ. ಮೂರನೆಯ ಒಂದು ಪಾಲು ಎಂದಾಗ ಅಷ್ಟಕ್ಕೇ ನಿಲ್ಲಬೇಕೆಂದೇನೂ ಇಲ್ಲ. 1993ರ ಕೊನೆಯಲ್ಲಿ ಕರ್ನಾಟಕದ ಗ್ರಾಮ ಪಂಚಾಯಿತಿಗಳಿಗೆ ಚುನಾವಣೆ ನಡೆದಾಗ ಗೆದ್ದವರಲ್ಲಿ ಶೇಕಡ 40ಕ್ಕೂ ಮಿಕ್ಕಿ ಮಹಿಳೆಯರೇ ಇದ್ದರು. 2010ರಲ್ಲಿ ರಾಜ್ಯವು ತನ್ನ ಕಾಯಿದೆಯನ್ನು ತಿದ್ದಿ ಮೀಸಲನ್ನು ಅರ್ಧಕ್ಕೆ ಏರಿಸಿತು. ಬಿಹಾರವು 2006ರಲ್ಲಿಯೇ ಆ ದಾರಿ ಹಿಡಿದಿದ್ದಿತು.

ಇಲ್ಲಿ ಒಂದು ಹೋಲಿಕೆಯನ್ನು ಗಮನಿಸಬೇಕು. 2023ರ ಚುನಾವಣೆಯಲ್ಲಿ ಕರ್ನಾಟಕದ ವಿಧಾನಸಭೆಯ 224 ಸ್ಥಾನಗಳಿಗೆ ಆರಿಸಿ ಬಂದ ಮಹಿಳೆಯರು 10 ಮಂದಿ. ಮತದಾರರು ಅದೇ ಊರಿನವರು, ಅದೇ ಮನೆಗಳವರು. ಅದೇ ವರ್ಷ ಸಂಸತ್ತು ಅಂಗೀಕರಿಸಿದ 106ನೆಯ ತಿದ್ದುಪಡಿಯು ಲೋಕಸಭೆಯಲ್ಲಿಯೂ ವಿಧಾನಸಭೆಗಳಲ್ಲಿಯೂ ಮೂರನೆಯ ಒಂದು ಪಾಲನ್ನು ಮಹಿಳೆಯರಿಗೆ ಮೀಸಲಿಟ್ಟಿತಾದರೂ, ಜನಗಣತಿಯೂ ಕ್ಷೇತ್ರಗಳ ಮರುವಿಂಗಡಣೆಯೂ ನಡೆದ ಬಳಿಕವೇ ಅದು ಆಚರಣೆಗೆ ಬರತಕ್ಕದ್ದೆಂದು ಆ ತಿದ್ದುಪಡಿಯಲ್ಲಿಯೇ ಬರೆಯಲಾಗಿದ್ದಿತು. ಮೀಸಲು ಇದ್ದಲ್ಲಿ ಅರ್ಧ, ಇಲ್ಲದಲ್ಲಿ ಇಪ್ಪತ್ತಕ್ಕೊಬ್ಬರೂ ಇಲ್ಲ. ಯೋಗ್ಯರಾದ ಮಹಿಳೆಯರು ಇದ್ದರೆ ತಾವಾಗಿಯೇ ಮೇಲೆ ಬರುತ್ತಾರೆ ಎನ್ನುವವರು ಈ ಎರಡು ಸಂಖ್ಯೆಗಳಿಗೆ ಉತ್ತರ ಹೇಳಬೇಕಾಗುತ್ತದೆ.

ಇನ್ನು ಎಲ್ಲರೂ ಎತ್ತುವ ಆಕ್ಷೇಪವೊಂದಿದೆ. ಕುರ್ಚಿಯಲ್ಲಿ ಹೆಂಡತಿ, ಅಧಿಕಾರದಲ್ಲಿ ಗಂಡ; ಅವಳು ಸಹಿ ಹಾಕುವ ಬೊಂಬೆ ಎಂಬುದೇ ಆ ಮಾತು. ಇದು ಸುಳ್ಳಲ್ಲ. ಅಧ್ಯಕ್ಷೆಯ ಪತಿಯು ಸಭೆಯಲ್ಲಿ ಪಕ್ಕದ ಕುರ್ಚಿ ಎಳೆದುಕೊಂಡು ಕೂರುವುದು, ಕಂಟ್ರಾಕ್ಟರನು ಅವಳ ಬಳಿಗೆ ಬಾರದೆ ಅವನ ಬಳಿಗೆ ಹೋಗುವುದು ಎಷ್ಟೋ ಊರುಗಳಲ್ಲಿ ನಡೆದಿದೆ. ಆದರೆ ಆಕ್ಷೇಪವನ್ನು ಅಷ್ಟಕ್ಕೇ ಮುಗಿಸುವುದು ನ್ಯಾಯವಲ್ಲ. ಸಾಹುಕಾರನ ಮಾತಿಗೆ ಕೈಯೆತ್ತಿದ ಗಂಡು ಸದಸ್ಯರು ಹಿಂದೆ ಎಷ್ಟು ಮಂದಿ ಇರಲಿಲ್ಲ? ಅವರನ್ನು ಯಾರೂ ಬೊಂಬೆಗಳೆಂದು ಕರೆಯಲಿಲ್ಲ. ಅಲ್ಲದೆ, ಪಂಚಾಯಿತಿಯ ಹಣ ತೆಗೆಯಬೇಕಾದರೆ ಅಧಿಕಾರಿಯ ಸಹಿಯ ಜೊತೆಗೆ ಅಧ್ಯಕ್ಷೆಯ ಸಹಿಯೂ ಬೇಕು. ಮೊದಲ ವರ್ಷ ತೋರಿಸಿದಲ್ಲಿ ಸಹಿ ಹಾಕಿದವಳು ಎರಡನೆಯ ವರ್ಷ ‘ಇದು ಯಾವುದರ ಬಾಬ್ತು?’ ಎಂದು ಕೇಳುತ್ತಾಳೆ. ತೊಡಕಿರುವುದು ಬೇರೆ ಕಡೆ. ಮೀಸಲು ಕ್ಷೇತ್ರಗಳು ಸರದಿಯಂತೆ ಬದಲಾಗುತ್ತವೆ. ಕರ್ನಾಟಕದಲ್ಲಿ ಐದು ವರ್ಷದ ಅವಧಿಯನ್ನೂ ಎರಡಾಗಿ ಸೀಳಿ ಮೂವತ್ತು ತಿಂಗಳಿಗೊಬ್ಬರು ಅಧ್ಯಕ್ಷರಾಗುವ ಪದ್ಧತಿಯು ಬಹುಕಾಲ ನಡೆದು ಬಂದಿದೆ. ಕಡತವನ್ನು ಓದಲು ಕಲಿಯುವ ಹೊತ್ತಿಗೆ ಕುರ್ಚಿ ಬಿಡುವ ದಿನ ಬಂದಿರುತ್ತದೆ. ನಡುವೆ ಅವಿಶ್ವಾಸ ಗೊತ್ತುವಳಿಯ ಬೆದರಿಕೆ ಬೇರೆ.

ಮಹಿಳೆಯರು ಅಧ್ಯಕ್ಷರಾದುದರಿಂದ ಊರಿಗೆ ಆದ ವ್ಯತ್ಯಾಸವೇನು? ಇದಕ್ಕೆ ಉತ್ತರ ಕಂಡುಕೊಳ್ಳುವುದು ತೋರುವಷ್ಟು ಸುಲಭವಲ್ಲ. ಮಹಿಳೆಯನ್ನು ತಾನಾಗಿ ಆರಿಸುವ ಊರು ಮೊದಲೇ ಮುಂದುವರಿದ ಊರಾಗಿರಬಹುದು. ಅಲ್ಲಿ ಕಂಡ ಏಳಿಗೆಯು ಊರಿನ ಗುಣದಿಂದಾದುದೋ ಅಧ್ಯಕ್ಷೆಯಿಂದಾದುದೋ ಹೇಳಲಾಗದು. ಪಶ್ಚಿಮ ಬಂಗಾಳದಲ್ಲಿ ಈ ತೊಡಕನ್ನು ಬಿಡಿಸುವ ಸಂದರ್ಭವೊಂದು ಒದಗಿತು. ಅಲ್ಲಿ ಪಂಚಾಯಿತಿಗಳ ಪಟ್ಟಿಯನ್ನು ಕ್ರಮಸಂಖ್ಯೆಯಂತೆ ಬರೆದು ಮೂರಕ್ಕೊಂದರಂತೆ ಪ್ರಧಾನ ಸ್ಥಾನವನ್ನು ಮಹಿಳೆಯರಿಗೆ ಮೀಸಲಿಟ್ಟಿದ್ದರು. ಊರಿನ ಗುಣಾವಗುಣಗಳಿಗೂ ಈ ಆಯ್ಕೆಗೂ ಸಂಬಂಧವೇ ಇರಲಿಲ್ಲ. ಚೀಟಿ ಎತ್ತಿದಂತೆಯೇ ಆಯಿತು. ಆದುದರಿಂದ ಎರಡು ಬಗೆಯ ಊರುಗಳ ನಡುವೆ ಕಾಣುವ ವ್ಯತ್ಯಾಸವು ಮೀಸಲಿನಿಂದಲೇ ಆದುದೆನ್ನಬಹುದು. ರಾಘವೇಂದ್ರ ಚಟ್ಟೋಪಾಧ್ಯಾಯ ಮತ್ತು ಎಸ್ತರ್ ಡುಫ್ಲೊ ಎಂಬ ವಿದ್ವಾಂಸರು ಇದನ್ನು ಗುರುತಿಸಿ ಬೀರ್‌ಭೂಮ್ ಜಿಲ್ಲೆಯ ಪಂಚಾಯಿತಿಗಳನ್ನೂ, ರಾಜಸ್ಥಾನದ ಉದಯಪುರ ಜಿಲ್ಲೆಯ ಹಳ್ಳಿಗಳನ್ನೂ ಪರಿಶೀಲಿಸಿ, 2004ರಲ್ಲಿ ತಮ್ಮ ಅಧ್ಯಯನವನ್ನು ಪ್ರಕಟಿಸಿದರು. ಡುಫ್ಲೊ ಅವರು ಮುಂದೆ 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡವರು.

ಅವರಿಗೆ ಮೊದಲು ಕಂಡುಬಂದುದು, ಪಂಚಾಯಿತಿಯ ಮುಂದೆ ಹೆಂಗಸರು ತರುವ ದೂರುಗಳೂ ಗಂಡಸರು ತರುವ ದೂರುಗಳೂ ಬೇರೆಬೇರೆ ಎಂಬ ಸಂಗತಿ. ಎರಡು ಜಿಲ್ಲೆಗಳಲ್ಲಿಯೂ ಕುಡಿಯುವ ನೀರಿನ ದೂರು ಹೆಂಗಸರದು. ಆಶ್ಚರ್ಯವೇನು? ನೀರು ತರುವವರು ಅವರು. ಉದಯಪುರದ ಕಡೆ ಗಂಡಸರು ಕೇಳುತ್ತಿದ್ದುದು ಹೆಚ್ಚಾಗಿ ರಸ್ತೆಯನ್ನು. ಮಹಿಳೆಯು ಮುಖ್ಯಸ್ಥಳಾಗಿದ್ದ ಪಂಚಾಯಿತಿಗಳಲ್ಲಿ ಎರಡು ಕಡೆಯೂ ಕುಡಿಯುವ ನೀರಿನ ಕೆಲಸಗಳು ಹೆಚ್ಚಾಗಿ ನಡೆದಿದ್ದುವು. ಬೀರ್‌ಭೂಮಿನಲ್ಲಿ ಗ್ರಾಮಸಭೆಗೆ ಬರುವವರಲ್ಲಿ ಹೆಂಗಸರ ಪ್ರಮಾಣವೂ ಏರಿದ್ದಿತು. ಆ ಪ್ರಧಾನರಲ್ಲಿ ಅನೇಕರು ಹೆಚ್ಚು ಓದಿದವರಲ್ಲ, ಹಿಂದೆ ರಾಜಕೀಯವನ್ನು ಕಂಡವರಲ್ಲ. ಗಂಡಂದಿರ ನೆರವು ಪಡೆದವರೂ ಅವರಲ್ಲಿದ್ದರು. ಬೊಂಬೆಗಳೇ ಆಗಿದ್ದರೆ ಹಣವು ಹಳೆಯ ಕಾಲುವೆಯಲ್ಲಿಯೇ ಹರಿಯಬೇಕಾಗಿದ್ದಿತು. ಅದು ನೀರಿನ ಕಡೆಗೆ ತಿರುಗಲು ಕಾರಣವಿರಲಿಲ್ಲ.

ಕೆಲಸ ನಡೆದರೂ ಮನ್ನಣೆ ಸಿಕ್ಕಿತೆಂದಲ್ಲ. ಬೇರೊಂದು ಅಧ್ಯಯನದಲ್ಲಿ ಸಂಶೋಧಕರು ಪ್ರಧಾನರ ಭಾಷಣವೊಂದನ್ನು ಗಂಡುದನಿಯಲ್ಲಿ ಒಮ್ಮೆ, ಹೆಣ್ಣುದನಿಯಲ್ಲಿ ಒಮ್ಮೆ ಧ್ವನಿಮುದ್ರಿಸಿ, ಅದೇ ಜಿಲ್ಲೆಯ ಹಳ್ಳಿಗರಲ್ಲಿ ಕೆಲವರಿಗೆ ಒಂದನ್ನೂ ಉಳಿದವರಿಗೆ ಇನ್ನೊಂದನ್ನೂ ಕೇಳಿಸಿದರು. ಮಾತುಗಳು ಅಕ್ಷರಶಃ ಒಂದೇ. ಆದರೆ ಮಹಿಳಾ ಪ್ರಧಾನರನ್ನು ಎಂದೂ ಕಾಣದ ಊರುಗಳಲ್ಲಿ ಗಂಡಸರು ಹೆಣ್ಣುದನಿಯ ಭಾಷಣಕ್ಕೆ ಕಡಮೆ ಅಂಕ ಕೊಟ್ಟರು. ಮಹಿಳೆಯ ಆಡಳಿತವನ್ನು ಕಂಡಿದ್ದ ಊರುಗಳಲ್ಲಿ ಈ ತಾರತಮ್ಯವು ಕಾಣಲಿಲ್ಲ. ಎರಡು ಅವಧಿಗಳು ಮೀಸಲಾಗಿದ್ದ ಕಡೆಗಳಲ್ಲಿ, ಮೀಸಲು ತೆಗೆದ ಮೇಲೆಯೂ, ಹೆಚ್ಚು ಮಹಿಳೆಯರು ನಿಂತು ಗೆದ್ದರು. ಅಭಿಪ್ರಾಯ ಬದಲಾದ ಮೇಲೆ ಅಧಿಕಾರ ಕೊಡೋಣ ಎನ್ನುವವರುಂಟು. ಇಲ್ಲಿ ನಡೆದುದು ಅದಕ್ಕೆ ವಿರುದ್ಧವಾದ ಕ್ರಮದಲ್ಲಿ: ಮೊದಲು ಅಧಿಕಾರ, ಆಮೇಲೆ ಅಭಿಪ್ರಾಯ. ಅದಕ್ಕೂ ಒಂದು ಸಲ ಸಾಲಲಿಲ್ಲ, ಎರಡು ಸಲ ಬೇಕಾಯಿತು.

ತೆರೆದ ಬಾಗಿಲಿಗೆ ಹೊಸ ಅಗುಳಿಗಳನ್ನು ಹಾಕುವ ಪ್ರಯತ್ನಗಳೂ ನಡೆದಿವೆ. 2015ರಲ್ಲಿ ಹರಿಯಾಣವು ಪಂಚಾಯಿತಿಯ ಉಮೇದುವಾರರಿಗೆ ಶಾಲಾ ಶಿಕ್ಷಣದ ಅರ್ಹತೆಯನ್ನು ವಿಧಿಸಿತು. ಮಹಿಳೆಯರಿಗೆ ಅದನ್ನು ತುಸು ಸಡಿಲಿಸಿದರೂ, ಶಾಲೆಯ ಮುಖ ಕಾಣದವರು ಸ್ಪರ್ಧಿಸುವಂತಿರಲಿಲ್ಲ. ಸರ್ವೋಚ್ಚ ನ್ಯಾಯಾಲಯವು ಆ ಕಾಯಿದೆಯನ್ನು ಎತ್ತಿಹಿಡಿಯಿತು. ರಾಜಸ್ಥಾನವು ಅದಕ್ಕೂ ಮುಂಚೆ ಇಂಥದೇ ನಿಯಮವನ್ನು ತಂದಿತ್ತಾದರೂ 2019ರಲ್ಲಿ ಅದನ್ನು ಕೈಬಿಟ್ಟಿತು. ಓದುಬರಹ ಬಲ್ಲ ಅಧ್ಯಕ್ಷರಿರುವುದು ಒಳ್ಳೆಯದೇ. ಆದರೆ ತಮ್ಮನನ್ನು ಎತ್ತಿಕೊಳ್ಳಲೆಂದೋ ನೀರು ತರಲೆಂದೋ ಏಳನೆಯ ವಯಸ್ಸಿನಲ್ಲಿ ಶಾಲೆ ಬಿಡಿಸಿದ ಹುಡುಗಿಗೆ, ನಲವತ್ತನೆಯ ವಯಸ್ಸಿನಲ್ಲಿ ‘ನೀನು ಓದಿಲ್ಲ, ಚಾವಡಿಗೆ ಬರಬೇಡ’ ಎನ್ನುವುದು ಒಂದೇ ತಪ್ಪಿಗೆ ಎರಡು ಶಿಕ್ಷೆ ವಿಧಿಸಿದಂತೆ. ಆ ತಪ್ಪಾದರೂ ಅವಳದಲ್ಲ.

ಆ ಹುಡುಗಿಯ ಮಾತು ಬಂದುದರಿಂದ, ಬೀರ್‌ಭೂಮಿನ ಇನ್ನೊಂದು ಸಂಗತಿಯನ್ನು ಹೇಳಬೇಕು. ನಾಲ್ವರು ಸಂಶೋಧಕರು ಅಲ್ಲಿನ 495 ಹಳ್ಳಿಗಳಲ್ಲಿ ಹನ್ನೊಂದರಿಂದ ಹದಿನೈದು ವರ್ಷದೊಳಗಿನ ಮಕ್ಕಳನ್ನೂ ಅವರ ತಂದೆತಾಯಿಗಳನ್ನೂ ಮಾತನಾಡಿಸಿ, 2012ರಲ್ಲಿ ತಮ್ಮ ವರದಿಯನ್ನು ಪ್ರಕಟಿಸಿದರು. ಮಗ ಎಲ್ಲಿಯವರೆಗೆ ಓದಬೇಕು, ಮಗಳು ಎಲ್ಲಿಯವರೆಗೆ ಓದಬೇಕು ಎಂದು ಕೇಳಿದರೆ, ಮಹಿಳಾ ಪ್ರಧಾನರನ್ನು ಕಾಣದ ಊರುಗಳ ತಂದೆತಾಯಿಗಳ ಉತ್ತರಗಳಲ್ಲಿ ದೊಡ್ಡ ಅಂತರವಿದ್ದಿತು. ಎರಡು ಅವಧಿ ಮಹಿಳೆಯರು ಪ್ರಧಾನರಾಗಿದ್ದ ಊರುಗಳಲ್ಲಿ ಆ ಅಂತರವು ಸುಮಾರು ಕಾಲುಭಾಗ ಕುಗ್ಗಿದ್ದಿತು. ಮಕ್ಕಳು ತಮಗಾಗಿ ಕಟ್ಟಿಕೊಂಡ ಕನಸುಗಳಲ್ಲಿ ಅದು ಇನ್ನೂ ಹೆಚ್ಚು ಕುಗ್ಗಿದ್ದಿತು. ಶಾಲೆಯ ಓದಿನಲ್ಲಿ ಹುಡುಗಿಯರು ಹುಡುಗರ ಸಮಕ್ಕೆ ಬಂದಿದ್ದರು. ಆ ಪ್ರಧಾನರು ಊರಿಗೆ ಹೊಸ ಉದ್ಯೋಗಗಳನ್ನೇನೂ ತಂದಿರಲಿಲ್ಲ. ಹೆಣ್ಣೊಬ್ಬಳು ಸಭೆಯ ಮುಂದೆ ಕುಳಿತು ಲೆಕ್ಕ ಕೇಳುವುದನ್ನು ಆ ಮಕ್ಕಳು ದಿನವೂ ನೋಡಿದ್ದರು, ಅಷ್ಟೆ. ಸಂಶೋಧಕರು ಗುರುತು ಹಾಕಿಕೊಂಡ ಇನ್ನೂ ಒಂದು ಸಣ್ಣ ವಿವರವುಂಟು. ಆ ಊರುಗಳಲ್ಲಿ ಹುಡುಗಿಯರು ನೀರು ತರುವುದೇ ಮೊದಲಾದ ಮನೆಗೆಲಸಗಳಲ್ಲಿ ಕಳೆಯುತ್ತಿದ್ದ ಹೊತ್ತು ಕಡಮೆಯಾಗಿದ್ದಿತು.